ವೈರ್‌ಲೆಸ್ ಬಾಲ್‌ಬಾರ್: ಹಲವು ವರ್ಷ ಬಳಸಿದ ಮೇಲೆ

ಸಿಎನ್‌ಸಿ ಮಷೀನುಗಳ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕೊರೆಯುವ ಮಷೀನುಗಳ) ನಿಖರತೆ ಪರೀಕ್ಷಿಸಲು ಸ್ವಂತ ಬಾಲ್‌ಬಾರ್ ಬೇಕೇ, ವರ್ಷಕ್ಕೊಮ್ಮೆ ಹೊರಗಿನವರನ್ನು ಕರೆಸಿದರೆ ಸಾಲದೇ ಎಂದು ಕೇಳುವವರು ಬಹಳ ಮಂದಿ. ತಿಂಗಳಿಗೊಮ್ಮೆಯಾದರೂ ಅದನ್ನು ಪೆಟ್ಟಿಗೆಯಿಂದ ಹೊರತೆಗೆಯುವ ಶಿಸ್ತು ನಿಮ್ಮಲ್ಲಿದ್ದರೆ ಕೊಳ್ಳಿ. ಜಾಬ್ ರಿಜೆಕ್ಟ್ ಆದಾಗ ಮಾತ್ರ ನೆನಪಾಗುವುದಾದರೆ ಬೇಡ. ಅದು ಪರದೆಯ ಮೇಲೆ ಬಿಡಿಸುವ ಇವತ್ತಿನ ಚಿತ್ರವೊಂದನ್ನೇ ನೋಡಿದರೆ ಮಷೀನು ಹೀಗಿದೆ ಎಂದಷ್ಟೇ ತಿಳಿಯುತ್ತದೆ. ಅದೇ ಮಷೀನಿನ ಹಿಂದಿನ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಯಾವುದು ಕೆಡುತ್ತಿದೆ, ಎಷ್ಟು ಬೇಗ ಕೆಡುತ್ತಿದೆ ಎಂಬುದೂ ಕಾಣುತ್ತದೆ. ನನ್ನ ಮಟ್ಟಿಗೆ ಈ ಉಪಕರಣದ ಬೆಲೆಯೆಲ್ಲ ಇರುವುದು ಅಲ್ಲೇ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಎರಡೂ ತುದಿಗೆ ನಿಖರವಾದ ಗುಂಡುಗಳಿರುವ, ಚಾಚಿ ಕುಗ್ಗಬಲ್ಲ ಸರಳು ಇದು. ಒಳಗಿನ ಸೆನ್ಸರ್ ಉದ್ದದ ಬದಲಾವಣೆಯನ್ನು ಮೈಕ್ರಾನಿಗಿಂತ ಸೂಕ್ಷ್ಮವಾಗಿ ಅಳೆಯುತ್ತದೆ. ಒಂದು ಗುಂಡು ಟೇಬಲ್ ಮೇಲಿನ ಅಯಸ್ಕಾಂತದ ಬಟ್ಟಲಿನಲ್ಲಿ, ಇನ್ನೊಂದು ಟೂಲ್ ಹಿಡಿದು ತಿರುಗಿಸುವ ಸ್ಪಿಂಡಲ್‌ನಲ್ಲಿ ಕೂರುತ್ತದೆ. ಮಷೀನು ಜಿ02, ಜಿ03 ಆದೇಶಗಳಿಂದ (ಪ್ರದಕ್ಷಿಣ, ಅಪ್ರದಕ್ಷಿಣ) ವೃತ್ತ ಹಾಕಿದಾಗ ತ್ರಿಜ್ಯ ಎಲ್ಲೆಲ್ಲಿ ತಪ್ಪಿತು ಎಂಬುದು ಪರದೆಯ ಮೇಲೆ ನೂರಾರು ಪಟ್ಟು ಹಿಗ್ಗಿ ಮೂಡುತ್ತದೆ. ಗುಂಡಿನ ಸರಳಿನಿಂದ ಮಷೀನು ಪರೀಕ್ಷಿಸುವ ಈ ಉಪಾಯವನ್ನು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಜೇಮ್ಸ್ ಬ್ರಯಾನ್ 1982ರಲ್ಲಿ ಪ್ರಕಟಿಸಿದರು. ವೃತ್ತ ಪರೀಕ್ಷೆಗೆ ಈಗ ಐಎಸ್‌ಒ 230-4 ಎಂಬ ಮಾನದಂಡವೇ ಇದೆ.

ಕೆಲಸಕ್ಕೆ ಹಿಡಿಯುವ ಸಮಯ ಕಡಿಮೆ. ಒಂದು ಸಮತಲಕ್ಕೆ (ಎರಡು ಅಕ್ಷಗಳ ಜೋಡಿಗೆ) ಹತ್ತು ಹದಿನೈದು ನಿಮಿಷ ಸಾಕು. ವೈರ್ ಇಲ್ಲದಿರುವುದರಿಂದ ಕೇಬಲ್ ಸುತ್ತಿಕೊಳ್ಳುವ ತಾಪತ್ರಯವಿಲ್ಲ, ಬಾಗಿಲು ಮುಚ್ಚಿಯೇ ಓಡಿಸಬಹುದು. ಆದರೆ ಸಿದ್ಧತೆಯಲ್ಲಿ ಅವಸರ ಸಲ್ಲದು. ಬಟ್ಟಲನ್ನೂ ಗುಂಡುಗಳನ್ನೂ ನಾರು ಬಿಡದ ಬಟ್ಟೆಯಿಂದ ಒರೆಸಿಯೇ ಕೂರಿಸಬೇಕು. ಒಂದು ಸಣ್ಣ ಚಿಪ್ ಸಿಕ್ಕಿಕೊಂಡರೂ ಇಲ್ಲದ ದೋಷ ಚಿತ್ರದಲ್ಲಿ ಎದ್ದು ನಿಲ್ಲುತ್ತದೆ. ಪ್ರೋಗ್ರಾಮನ್ನು ಮೊದಲು ಸರಳಿಲ್ಲದೆ ಓಡಿಸಿ ನೋಡಬೇಕು. ಸ್ಪಿಂಡಲ್ ತಿರುಗದಂತೆ ಲಾಕ್ ಆಗಿರಬೇಕು. ಮಷೀನು ಪ್ರತಿಸಲವೂ ಒಂದೇ ರೀತಿ ಬಿಸಿಯಾಗಿರಬೇಕು. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಬೆಳಗಿನ ತಣ್ಣನೆಯ ಮಷೀನನ್ನು ಸಂಜೆಯ ಬಿಸಿ ಮಷೀನಿನ ಜೊತೆ ಹೋಲಿಸಿ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಇದರ ನಿಜವಾದ ಶಕ್ತಿ ಎಲ್ಲಿದೆ ಎಂಬುದಕ್ಕೆ ನಮ್ಮ ಒಂದು ವಿಎಂಸಿಯ (ಸ್ಪಿಂಡಲ್ ಲಂಬವಾಗಿರುವ ಸಿಎನ್‌ಸಿ ಮಷೀನಿನ) ಕಥೆ ಹೇಳುತ್ತೇನೆ. ಎಂಡ್‌ಮಿಲ್ ಎಂಬ ಕೊರೆಯುವ ಟೂಲನ್ನು ವೃತ್ತವಾಗಿ ಸುತ್ತಿಸಿ ತೆಗೆದ ಬೋರ್‌ಗಳಲ್ಲಿ (ದುಂಡು ರಂಧ್ರಗಳಲ್ಲಿ) ಎದುರುಬದುರಾಗಿ ಎರಡು ಗೆರೆ ಬೀಳಲು ಶುರುವಾಯಿತು. ಉಗುರಾಡಿಸಿದರೆ ಸಿಗುವಷ್ಟು ಸ್ಪಷ್ಟ. ಟೂಲ್ ಬದಲಾಯಿಸಿದ್ದಾಯಿತು, ಹೋಲ್ಡರ್ ಬದಲಾಯಿಸಿದ್ದಾಯಿತು, ಫೀಡ್ (ಟೂಲ್ ಸಾಗುವ ವೇಗ) ಇಳಿಸಿದ್ದಾಯಿತು. ಬಾಲ್‌ಬಾರ್ ಇಟ್ಟು ನೋಡಿದಾಗ ವೈ ಅಕ್ಷದ ಎರಡೂ ತುದಿಯಲ್ಲಿ ವೃತ್ತ ಹೊರಮುಖವಾಗಿ ಮೆಟ್ಟಿಲಿನಂತೆ ಜಿಗಿದಿತ್ತು, ಸುಮಾರು 12 ಮೈಕ್ರಾನ್. ಫೀಡ್ ಹೆಚ್ಚಿಸಿದರೂ ಮೆಟ್ಟಿಲಿನ ಎತ್ತರ ಬದಲಾಗಲಿಲ್ಲ. ಹೊರಮುಖದ ಮೆಟ್ಟಿಲು ಎಂದರೆ ದಿಕ್ಕು ಬದಲಿಸುವಾಗ ಅಕ್ಷ ಹಿಂದೆ ಉಳಿಯುತ್ತಿದೆ. ವೇಗಕ್ಕೆ ಬಗ್ಗದ ಮೆಟ್ಟಿಲು ಎಂದರೆ ಸರ್ವೋಗಿಂತ (ಅಕ್ಷವನ್ನು ಓಡಿಸುವ ಮೋಟಾರು ನಿಯಂತ್ರಣಕ್ಕಿಂತ) ಮೊದಲು ಯಾಂತ್ರಿಕ ಭಾಗವನ್ನೇ ಅನುಮಾನಿಸಬೇಕು.

ಇಲ್ಲಿ ಎಲ್ಲರಿಗೂ ಒಂದು ಸುಲಭದ ದಾರಿ ಕಣ್ಣಿಗೆ ಬೀಳುತ್ತದೆ: ಕಂಟ್ರೋಲರ್‌ನಲ್ಲಿ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗಿನ ಸಡಿಲು ಆಟ) ತಿದ್ದುವ ಪ್ಯಾರಾಮೀಟರ್‌ಗೆ ಆ 12 ಮೈಕ್ರಾನ್ ಸೇರಿಸಿಬಿಡುವುದು. ನಾವು ಹಾಗೆ ಮಾಡದೆ ಅಕ್ಷವನ್ನು ಸರಿಸುವ ಬಾಲ್‌ಸ್ಕ್ರೂವಿನ ತುದಿಗೆ ಡಯಲ್ ಗೇಜ್ ಇಟ್ಟು ಅಕ್ಷವನ್ನು ಹಿಂದೆ ಮುಂದೆ ಆಡಿಸಿದೆವು. ಸ್ಕ್ರೂವೇ ಉದ್ದಕ್ಕೆ ಜರುಗುತ್ತಿತ್ತು. ಬೇರಿಂಗ್ ಹಿಡಿದಿಡುವ ಲಾಕ್‌ನಟ್ ಸಡಿಲವಾಗಿತ್ತು. ಬಿಗಿಮಾಡಿ ಮತ್ತೆ ಪರೀಕ್ಷಿಸಿದರೆ ಮೆಟ್ಟಿಲು ಹೋಗಲಿಲ್ಲ, ಈಗ ಒಳಮುಖವಾಗಿತ್ತು! ಪ್ಯಾರಾಮೀಟರ್ ತೆರೆದು ನೋಡಿದಾಗ ಕಾರಣ ತಿಳಿಯಿತು. ಹಿಂದೆಂದೋ ಯಾರೋ ಅದೇ ಸುಲಭದ ದಾರಿ ಹಿಡಿದು ಒಂದು ಸಂಖ್ಯೆ ತುಂಬಿಸಿದ್ದರು. ಆಟ ಹೋದ ಮೇಲೂ ಕಂಟ್ರೋಲರ್ ಹಳೆಯ ಲೆಕ್ಕದಲ್ಲೇ ತಿದ್ದುತ್ತಿತ್ತು. ಸಂಖ್ಯೆಯನ್ನು ಸರಿಪಡಿಸಿದ ಮೇಲೆ ವೃತ್ತ ಸರಿಯಾಯಿತು, ಬೋರ್‌ಗಳ ಗೆರೆಯೂ ಹೋಯಿತು. ಮೆಟ್ಟಿಲಿನ ದಿಕ್ಕು ಕಣ್ಣಿಗೆ ಕಂಡಿರದಿದ್ದರೆ ನಟ್ ಬಿಗಿಮಾಡಿದ್ದೇ ತಪ್ಪಾಯಿತೇನೋ ಎಂದು ಮತ್ತೆ ಬಿಚ್ಚುತ್ತಿದ್ದೆವು.

ಆದ್ದರಿಂದಲೇ ಹೊಸಬರಿಗೆ ನಾನು ಮೊದಲು ಕಲಿಸುವುದು ಚಿತ್ರ ಓದುವುದನ್ನು. ಸಾಫ್ಟ್‌ವೇರ್ ದೋಷಗಳನ್ನು ವಿಂಗಡಿಸಿ, ಯಾವುದು ಎಷ್ಟು ಶೇಕಡಾ ಎಂದು ಪಟ್ಟಿ ಕೊಡುತ್ತದೆ. ಬಹಳ ಉಪಯುಕ್ತ, ಅನುಮಾನವಿಲ್ಲ. ಆದರೆ ತನಗೆ ಗೊತ್ತಿರುವ ಆಕಾರಗಳನ್ನು ನಿಮ್ಮ ವೃತ್ತಕ್ಕೆ ಹೊಂದಿಸಿ ನೋಡುವುದಷ್ಟೇ ಅದರ ಕೆಲಸ. ಎರಡು ಮೂರು ದೋಷ ಒಂದರ ಮೇಲೊಂದು ಬಿದ್ದಾಗ ಪಟ್ಟಿಯ ಮೊದಲ ಹೆಸರನ್ನೇ ನಂಬಿ ಸ್ಪ್ಯಾನರ್ ಹಿಡಿಯಬಾರದು. ಉದಾಹರಣೆಗೆ, 45 ಡಿಗ್ರಿಗೆ ವಾಲಿದ ಅಂಡಾಕಾರ. ಪ್ರದಕ್ಷಿಣವಾಗಿ ಓಡಿಸಿದರೂ ಅಪ್ರದಕ್ಷಿಣವಾಗಿ ಓಡಿಸಿದರೂ ಒಂದೇ ಕಡೆ ವಾಲಿದ್ದರೆ ಅಕ್ಷಗಳ ನಡುವಿನ ಲಂಬಕೋನ ಕೆಟ್ಟಿದೆ. ಲೆವೆಲಿಂಗ್ ನೋಡಿ, ಇತ್ತೀಚೆಗೆ ಮಷೀನು ಎಲ್ಲಾದರೂ ಗುದ್ದಿತೇ ಎಂದು ವಿಚಾರಿಸಿ. ದಿಕ್ಕು ಬದಲಿಸಿದಾಗ ಅಂಡಾಕಾರವೂ ಮಗ್ಗುಲು ಬದಲಿಸಿದರೆ ಅದು ಸರ್ವೋ ಹೊಂದಾಣಿಕೆಯ ದೋಷ, ಒಂದು ಅಕ್ಷ ಇನ್ನೊಂದಕ್ಕಿಂತ ಹಿಂದೆ ಬೀಳುತ್ತಿದೆ. ಫೀಡ್ ಏರಿಸಿದರೆ ಅದು ಇನ್ನೂ ಉಬ್ಬುತ್ತದೆ. ಹೀಗಾಗಿ ನಿಧಾನ ಮತ್ತು ವೇಗ, ಎರಡೂ ಫೀಡ್‌ನಲ್ಲಿ ಓಡಿಸದ ಪರೀಕ್ಷೆಯನ್ನು ನಾನು ಪೂರ್ತಿ ಪರೀಕ್ಷೆ ಎಂದು ಒಪ್ಪುವುದಿಲ್ಲ. ಅಕ್ಷ ದಾಟುವಲ್ಲಿ ಚೂಪಾಗಿ ಎದ್ದು ಮತ್ತೆ ಕೂಡಲೇ ಇಳಿಯುವ ಮುಳ್ಳುಗಳು ಬೇರೆಯೇ ಜಾತಿ. ಅವು ಘರ್ಷಣೆ ಮತ್ತು ಸರ್ವೋ ಪ್ರತಿಕ್ರಿಯೆಯ ಕುರುಹು, ಮೆಟ್ಟಿಲಿನಂತೆ ಮುಂದುವರಿಯುವುದಿಲ್ಲ.

ಇದರಿಂದ ಆಗದ ಕೆಲಸಗಳೂ ಇವೆ, ಮಾರುವವರು ಅವನ್ನು ಒತ್ತಿ ಹೇಳುವುದಿಲ್ಲ. ಸರಳು ಸುತ್ತುವ ವೃತ್ತದ ಆಚೆ ಏನಿದೆ ಎಂಬುದು ಅದಕ್ಕೆ ಕಾಣದು. ಉದ್ದನೆಯ ಟೇಬಲ್‌ನ ಒಂದು ಕೊನೆಯಲ್ಲಿ ಸ್ಕ್ರೂ ಸವೆದಿದ್ದು, ನೀವು ಮಧ್ಯದಲ್ಲೇ ಬಟ್ಟಲಿಟ್ಟರೆ ಚಿತ್ರ ಚೆನ್ನಾಗಿಯೇ ಬರುತ್ತದೆ. ಅಕ್ಷದ ಪೂರ್ತಿ ಉದ್ದಕ್ಕೆ ಸ್ಥಾನದ ನಿಖರತೆ ಬೇಕಿದ್ದರೆ ಐಎಸ್‌ಒ 230-2ರಂತೆ ಲೇಸರ್ ಇಂಟರ್‌ಫೆರೋಮೀಟರ್‌ನಿಂದಲೇ ಅಳೆಯಬೇಕು, ಪಿಚ್ ದೋಷ (ಸ್ಕ್ರೂವಿನ ಎಳೆಗಳ ಅಂತರದ ತಪ್ಪು) ತಿದ್ದುವುದಕ್ಕೂ ಅದೇ ದಾರಿ. ಸ್ಪಿಂಡಲ್ ತಿರುಗದ ಪರೀಕ್ಷೆಯಾದ್ದರಿಂದ ಸ್ಪಿಂಡಲ್‌ನ ರನ್‌ಔಟ್ (ತಿರುಗುವಾಗಿನ ಓಲಾಟ) ಗೊತ್ತಾಗುವುದಿಲ್ಲ. ಕಟಿಂಗ್‌ನ ಒತ್ತಡವೂ ಇರುವುದಿಲ್ಲ. ಝಡ್ ಅಕ್ಷ ಸೇರಿದ ಸಮತಲಗಳಲ್ಲಿ ಸಾಮಾನ್ಯವಾಗಿ ಪೂರ್ತಿ ವೃತ್ತದ ಬದಲು 220 ಡಿಗ್ರಿಯ ಕಮಾನಷ್ಟೇ ಸಿಗುತ್ತದೆ. ಬಟ್ಟಲನ್ನು ಕದಲಿಸದೆ ಮೂರೂ ಸಮತಲ ಮುಗಿಸಬಹುದೆಂಬ ಅನುಕೂಲಕ್ಕೆ ಇದು ಒಪ್ಪಬಹುದಾದ ಬೆಲೆ ಎಂದು ನನ್ನ ಎಣಿಕೆ.

ಬಾಳಿಕೆಯ ಬಗ್ಗೆ ಹೆಚ್ಚು ದೂರಿಲ್ಲ. ಬ್ಯಾಟರಿಯೊಂದು ಕೈಯಲ್ಲಿ ಹೆಚ್ಚುವರಿ ಇರಲಿ. ಲ್ಯಾಪ್‌ಟಾಪ್ ಬದಲಾಯಿಸಿದಾಗ ಬ್ಲೂಟೂತ್ ಮತ್ತೆ ಜೋಡಿಸಲು ಒದ್ದಾಡಬೇಕಾಯಿತು. ನಿಜವಾಗಿ ಬೇಸರ ತರಿಸುವುದು ವಾರ್ಷಿಕ ಕ್ಯಾಲಿಬ್ರೇಶನ್. ಉಪಕರಣವನ್ನು ಕಳುಹಿಸಿದ ಮೇಲೆ ವಾರಗಟ್ಟಲೆ ಕಾಯಬೇಕು, ಆ ನಡುವೆ ಯಾವುದಾದರೂ ಮಷೀನು ಗುದ್ದಿದರೆ ಕೈ ಕಟ್ಟಿಹಾಕಿದಂತೆ. ಬೇಸಗೆಯ ರಜೆಗೋ ವಾರ್ಷಿಕ ನಿರ್ವಹಣೆಗೋ ಹೊಂದಿಸಿ ಕಳುಹಿಸುವುದು ಮೇಲು. ಕಿಟ್ ಕೊಳ್ಳುವಾಗ ಜೆರೋಡುರ್ ಗಾಜಿನ ಕ್ಯಾಲಿಬ್ರೇಟರ್ ಬಿಡಬೇಡಿ. ಉಷ್ಣತೆಗೆ ಹೆಚ್ಚುಕಡಿಮೆ ಹಿಗ್ಗದ ಆ ಪಟ್ಟಿಯ ಮೇಲೆ ಸರಳಿನ ಉದ್ದ ಖಚಿತಪಡಿಸಿಕೊಳ್ಳದಿದ್ದರೆ ವೃತ್ತದ ಆಕಾರವಷ್ಟೇ ತಿಳಿಯುತ್ತದೆ, ನಿಜವಾದ ಅಳತೆ ತಿಳಿಯುವುದಿಲ್ಲ.

ಹೊಸ ಮಷೀನು ತರಿಸಿಕೊಳ್ಳುತ್ತಿರುವವರಿಗೆ ಇನ್ನೊಂದು ಮಾತು. ಅಳವಡಿಕೆಯ ಕಾಗದಕ್ಕೆ ಸಹಿ ಹಾಕುವ ಮುನ್ನ, ಬಂದ ತಂತ್ರಜ್ಞರ ಎದುರಲ್ಲೇ ಮೂರೂ ಸಮತಲಗಳ ಪರೀಕ್ಷೆ ಓಡಿಸಿ. ಬಟ್ಟಲನ್ನು ಟೇಬಲ್‌ನ ಯಾವ ಜಾಗದಲ್ಲಿ ಇಟ್ಟಿದ್ದೀರಿ, ಫೀಡ್ ಎಷ್ಟು, ತ್ರಿಜ್ಯ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಮುಂದೆ ಅದೇ ಜಾಗ, ಅದೇ ಫೀಡ್, ಅದೇ ತ್ರಿಜ್ಯ. ವಾರಂಟಿ ಮುಗಿಯುವ ತಿಂಗಳಿಗೆ ಮೊದಲು ಮತ್ತೊಮ್ಮೆ ಓಡಿಸಿ, ಎರಡೂ ಚಿತ್ರಗಳನ್ನು ಜೊತೆಗಿಟ್ಟು ತಯಾರಕರಿಗೆ ಕಳುಹಿಸಿ.