ಮುಂಬೈ ಹಡಗೋ, ಸಿಂಗಪುರದ ಹಡಗೋ?

ನನ್ನ ಮಗನಿಗೆ ಹದಿನಾರು, ಮಗಳಿಗೆ ಹದಿಮೂರು. ಇಬ್ಬರನ್ನೂ ಕಟ್ಟಿಕೊಂಡು ಎರಡು ಸಲ ಕ್ರೂಸ್ ಹೋಗಿಬಂದೆವು. ಮೊದಲು ಮುಂಬೈಯಿಂದ ಗೋವಾಕ್ಕೆ. ಆಮೇಲೆ 2024ರ ಡಿಸೆಂಬರ್‌ನಲ್ಲಿ ಸಿಂಗಪುರದಿಂದ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್‌ಗೆ.

ಬೆಂಗಳೂರಿನವರು ಮುಂಬೈಗೆ ಹಾರಿ, ಅಲ್ಲಿಂದ ಹಡಗು ಹತ್ತಿ ಗೋವಾ ನೋಡೋದು! ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಗೋವಾ, ಅಲ್ವಾ? ಆದರೆ ಪಾಸ್‌ಪೋರ್ಟ್ ಬೇಡ, ಆಧಾರ್ ಸಾಕು. ಜೊತೆಗೆ ಬಂದ ಅಮ್ಮನಿಗೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಜೈನ್ ಊಟ ಸಿಕ್ಕಿದ್ದೇ ಹಬ್ಬ. ಮಕ್ಕಳು ಈಜುಕೊಳ, ಹತ್ತೋ ಗೋಡೆ ಎಲ್ಲ ಒಂದೇ ದಿನದಲ್ಲಿ ಮುಗಿಸಿ "ಇನ್ನೇನಿದೆ?" ಅಂದರು. ಹಡಗು ನಿಂತಿದ್ದು ಮರ್ಮಗೋವಾದಲ್ಲಿ. ಟ್ಯಾಕ್ಸಿ ಹಿಡಿದು ಕಲಂಗುಟ್ ಬೀಚಿಗೆ ಹೋಗಿಬರೋದರಲ್ಲೇ ಅರ್ಧ ದಿನ ಹೋಯಿತು.

ಸಿಂಗಪುರದಲ್ಲಿ ಹತ್ತಿದ್ದು ಆಂಥೆಮ್ ಆಫ್ ದಿ ಸೀಸ್. 2015ರ ಹಡಗು, ಉದ್ದ ಸುಮಾರು 348 ಮೀಟರ್. ಅದೇ ಒಂದು ಊರು. ಹಡಗಿನ ಮೇಲೆಯೇ ಅಲೆ ಎಬ್ಬಿಸಿ ಹಲಗೆ ಮೇಲೆ ಜಾರಿಸುವ ಫ್ಲೋರೈಡರ್ ಆಟಕ್ಕೆ ಮಗ ದಿನಾ ಕ್ಯೂ ನಿಂತ. ಮೊದಲ ಸಲ ಎರಡೇ ಸೆಕೆಂಡಿಗೆ ದಬಕ್ಕನೆ ಬಿದ್ದ, ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡೇ ಎದ್ದುಬಂದ. ಮೂರನೇ ದಿನ ಹಲಗೆ ಮೇಲೆ ನೆಟ್ಟಗೆ ನಿಂತ. ಮಗಳಿಗೆ ಮಾತ್ರ ಅಳು. ನಿಂತು ಆಡೋಕೆ 58 ಇಂಚು ಎತ್ತರ ಬೇಕು, ಅವಳು ಒಂದೇ ಇಂಚು ಕಮ್ಮಿ. ಮಲಗಿ ಜಾರೋದಕ್ಕೆ 52 ಸಾಕು, ಅದರಲ್ಲೇ ಸಮಾಧಾನ ಪಟ್ಟುಕೊಂಡಳು. ಮನೆಯಲ್ಲೇ ಅಳೆದುಕೊಂಡು ಹೊರಡಿ.

12ರಿಂದ 17 ವರ್ಷದವರಿಗೆ ಅಂತಲೇ ಒಂದು ಕ್ಲಬ್ ಇದೆ. ಅಲ್ಲಿ ಗೆಳೆಯರು ಸಿಕ್ಕ ಮೇಲೆ ಇಬ್ಬರೂ ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಊಟಕ್ಕೆ ಮಾತ್ರ. ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರಾಯಿತು. ಗೋವಾ ಹಡಗಿನಲ್ಲಿ ಬೇರೆ ಕೆಲಸ ಇಲ್ಲದೆ ಐದೂ ಜನ ರಾತ್ರಿ ಹನ್ನೆರಡರವರೆಗೆ ಇಸ್ಪೀಟು ಆಡಿದ್ದೆವು.

ಸಿಂಗಪುರದ ಖರ್ಚು? ವಿಮಾನ ಸೇರಿ ಗೋವಾದ ಮೂರು ಪಟ್ಟು. ಟಿಪ್ಸ್, ವೈಫೈ ಬೇರೆ. ಹಡಗು ಮತ್ತೆ ಸಿಂಗಪುರಕ್ಕೇ ಬರೋದರಿಂದ ವೀಸಾ ಮಲ್ಟಿಪಲ್ ಎಂಟ್ರಿ ಇರಬೇಕು. ನಮ್ಮ ಏಜೆಂಟ್ ಇದನ್ನ ಹೇಳಲೇ ಇಲ್ಲ. ಪೆನಾಂಗ್‌ನಲ್ಲಂತೂ ಹಡಗಿಳಿದು ನಡೆದೇ ಲಿಟ್ಲ್ ಇಂಡಿಯಾಕ್ಕೆ ಹೋಗಿ ಬಾಳೆಲೆ ಊಟ ಮಾಡಿದೆವು.

ಅಮ್ಮ ಬರೋದಾದರೆ ನಾನು ಮತ್ತೆ ಮುಂಬೈಗೇ. ಮಕ್ಕಳನ್ನು ಕೇಳೋದೇ ಬೇಡ. ಮಗಳು ಈಗ 59 ಇಂಚು.