ಪುಣೆಗೆ ಓದಲು ಬಂದವರೇ, ಅಡ್ಮಿಷನ್ ಫಾರ್ಮಿನಲ್ಲಿ ಯಾರ ನಂಬರ್ ಇದೆ ನೋಡಿಕೊಳ್ಳಿ

ನಮ್ಮ ಕಡೆಯಿಂದ ಪುಣೆಗೆ ಓದಲು ಬಂದಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನನಗಾದದ್ದು ನಿಮಗಾಗಬಾರದು.

2024ರ ಜುಲೈ 25. ರಾತ್ರಿಯಿಡೀ ಮಳೆ ಹೊಡೆದಿತ್ತು. ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಮುಠಾ ನದಿಗೆ 35 ಸಾವಿರ ಕ್ಯೂಸೆಕ್‌ಗಿಂತ ಜಾಸ್ತಿ ನೀರು ಬಿಟ್ಟಿದ್ದರು. ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ಮನೆಗಳಿಗೇ ನೀರು ನುಗ್ಗಿ, ಸೇನೆಯನ್ನು ಕರೆಸಬೇಕಾಯಿತು. ನನ್ನ ಪಿಜಿ ಅದೇ ರಸ್ತೆಯಲ್ಲಿ, ಸ್ವಲ್ಪ ಎತ್ತರದಲ್ಲಿದೆ. ಬೆಳಿಗ್ಗೆ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ತಲೆಯಲ್ಲಿ ಇದ್ದದ್ದು ಒಂಬತ್ತು ಗಂಟೆಯ ಪ್ರಾಕ್ಟಿಕಲ್ ಪರೀಕ್ಷೆ ಮಾತ್ರ.

ಕ್ಲಾಸ್ ಗ್ರೂಪಿನಲ್ಲಿ ಯಾರೋ ರಜೆಯ ಸುತ್ತೋಲೆಯ ಫೋಟೋ ಹಾಕಿದ್ದರು. ದೊಡ್ಡದು ಮಾಡಿ ನೋಡಿದರೆ ತಾರೀಖು ಹಿಂದಿನ ವರ್ಷದ್ದು. 'ಫೇಕ್, ಎಲ್ಲರೂ ಬನ್ನಿ' ಅಂತ ಸಿಆರ್ (ಕ್ಲಾಸಿನ ಪ್ರತಿನಿಧಿ) ಬರೆದ. ಹೊರಟೆ.

ದಿನಾ ಮುಠಾ ನದಿಯ ತಗ್ಗು ಸೇತುವೆ ಭಿಡೆ ಪೂಲ್ ದಾಟಿ ಹೋಗುವವಳು ನಾನು. ಅಲ್ಲಿ ಸೇತುವೆಯೇ ಕಾಣಲಿಲ್ಲ. ಕೆಂಪು ನೀರು, ಅದರಲ್ಲಿ ತೇಲಿ ಹೋಗುತ್ತಿದ್ದ ಒಂದು ಪ್ಲಾಸ್ಟಿಕ್ ಕುರ್ಚಿ. ಇನ್ನೊಂದು ಸೇತುವೆ ಲಕಡಿ ಪೂಲ್ ಸುತ್ತಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಗೇಟು ಮುಟ್ಟಿದಾಗ ಒಂಬತ್ತೂವರೆ. ವಾಚ್‌ಮನ್ ಕಾಕಾ ಕೊಡೆಯೊಳಗಿಂದಲೇ 'ಆಜ್ ಸುಟ್ಟಿ ಆಹೇ', ಇವತ್ತು ರಜೆ, ಅಂದರು. ಅಳು ಬಂತು.

ಮಜಾ ಏನೆಂದರೆ, ಏಳು ಗಂಟೆಗೂ ಮುಂಚೆಯೇ ವಿಶ್ವವಿದ್ಯಾಲಯದ ಮೆಸೇಜು ಹೋಗಿತ್ತು. ಧಾರವಾಡದಲ್ಲಿದ್ದ ಅಪ್ಪನಿಗೆ! ಅಡ್ಮಿಷನ್ ಫಾರ್ಮನ್ನು ತುಂಬಿದವನು ನಮ್ಮೂರ ಸೈಬರ್ ಅಂಗಡಿಯ ಹುಡುಗ. ಓಟಿಪಿ ಅಪ್ಪನ ಫೋನಿಗೆ ಬರುತ್ತಿತ್ತು. ಹಾಗಾಗಿ ವಿದ್ಯಾರ್ಥಿಯ ನಂಬರ್, ಪೋಷಕರ ನಂಬರ್ ಎರಡೂ ಕಡೆ ಅದನ್ನೇ ಹಾಕಿದ್ದ. ಅಪ್ಪ ಅದನ್ನು ನೋಡಿದ್ದು ಹನ್ನೊಂದಕ್ಕೆ. ಗಾಬರಿಯಾಗಿ ಫೋನ್ ಮಾಡಿದರೆ, ಪಿಜಿಯಲ್ಲಿ ಕರೆಂಟ್ ಇಲ್ಲದೆ ನನ್ನ ಫೋನ್ ಸತ್ತಿತ್ತು. ಸಂಜೆವರೆಗೂ ಅವ್ವ ಊಟ ಮಾಡಿರಲಿಲ್ಲವಂತೆ.

ಆ ಮೆಸೇಜಿನಲ್ಲಾದರೂ ಏನಿತ್ತು? ಹವಾಮಾನದ ಕಾರಣ ಇಂದು ತರಗತಿಗಳಿಲ್ಲ, ಗಮನಿಸಿ. ಅಷ್ಟೇ. ಪರೀಕ್ಷೆ ಉಂಟೋ ಇಲ್ಲವೋ, ಯಾವ ದಾರಿ ಬಂದ್, ಕಷ್ಟದಲ್ಲಿದ್ದರೆ ಯಾರಿಗೆ ಫೋನ್ ಮಾಡಬೇಕು, ಒಂದೂ ಇಲ್ಲ. ಆಮೇಲೆ ಈಮೇಲಿನಲ್ಲಿ ಬಂದ ಪಿಡಿಎಫ್ ನೋಡಿದೆ. ಸೊಟ್ಟ ಸ್ಕ್ಯಾನು, ಸಹಾಯವಾಣಿ ನಂಬರಿನ ಮೇಲೆಯೇ ನೀಲಿ ಸೀಲು.

ವಾರದ ನಂತರ ಆಫೀಸಿಗೆ ಹೋಗಿ ಕೇಳಿದೆ. ಗುಮಾಸ್ತರು ಕಂಪ್ಯೂಟರ್ ತಿರುಗಿಸಿ 'ಡೆಲಿವರ್ಡ್' ಅಂತ ತೋರಿಸಿದರು. ಅವರ ಲೆಕ್ಕದಲ್ಲಿ ನನಗೆ ಮುಟ್ಟಿದೆ! ಮೆಸೇಜು ಇನ್ನಷ್ಟು ಬಿಡಿಸಿ ಬರೆಯಬಹುದಿತ್ತಲ್ಲ ಅಂದರೆ, ಟೆಂಪ್ಲೇಟ್ (ಮೊದಲೇ ಸಿದ್ಧಮಾಡಿಟ್ಟ ಮೆಸೇಜಿನ ನಮೂನೆ) ಅಷ್ಟೇ ಇರೋದು ಅಂದರು. ಅದು ನಿಜವೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದ ಪ್ರಕಾರ ಸಂಸ್ಥೆಗಳು ಹೀಗೆ ಒಟ್ಟಿಗೆ ಕಳಿಸುವ ಎಸ್ಎಂಎಸ್‌ಗೆ ಮೊದಲೇ ಟೆಂಪ್ಲೇಟ್ ನೋಂದಾಯಿಸಿರಬೇಕು. ಆದರೆ ಮಳೆಗಾಲಕ್ಕೆ ಮುಂಚೆ ನಾಲ್ಕು ಒಳ್ಳೆ ಟೆಂಪ್ಲೇಟ್ ನೋಂದಾಯಿಸಿಟ್ಟುಕೊಳ್ಳಲು ಏನು ಕಷ್ಟ? ಫೀಸಿನ ಮೆಸೇಜು ಮಾತ್ರ ದಂಡದ ರೂಪಾಯಿ ಸಮೇತ ಚೆನ್ನಾಗಿ ಬರುತ್ತದೆ.

ಅದಕ್ಕೇ ಹೇಳುತ್ತಿರುವುದು, ಪೋರ್ಟಲಿಗೆ ಹೋಗಿ ನಿಮ್ಮ ಹೆಸರಿನ ಮುಂದೆ ಯಾರ ನಂಬರ್ ಇದೆ ನೋಡಿ. ನನ್ನದನ್ನು ಬದಲಿಸಲು ಅರ್ಜಿ, ವಿಭಾಗದ ಮುಖ್ಯಸ್ಥರ ಸಹಿ, ಒಂಬತ್ತು ದಿನ ಬೇಕಾಯಿತು. ಕಾಲೇಜಿನ ಈಮೇಲನ್ನು ಫೋನಿಗೆ ಹಾಕಿಕೊಳ್ಳಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ (ಎನ್‌ಡಿಎಂಎ) ಮುನ್ನೆಚ್ಚರಿಕೆ ಆ್ಯಪ್ 'ಸಚೇತ್' ಇಟ್ಟುಕೊಳ್ಳಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಅಲರ್ಟ್ ಆನ್ ಇರಲಿ. 2023ರಲ್ಲಿ ಎಲ್ಲರ ಫೋನೂ ಒಮ್ಮೆಲೇ ಕಿರುಚಿಕೊಂಡು ಪ್ರಯೋಗಕ್ಕೆಂದು ಒಂದು ಸಂದೇಶ ಬಂದಿತ್ತಲ್ಲ, ಅದೇ. ಸರ್ಕಾರ ಕಳಿಸುವ ಆ ಸಂದೇಶಕ್ಕೆ ಯಾವ ಫಾರ್ಮೂ ಬೇಡ, ಅಪಾಯವಿರುವ ಜಾಗದ ಮೊಬೈಲ್ ಟವರಿನ ವ್ಯಾಪ್ತಿಯಲ್ಲಿದ್ದರೆ ಸಾಕು. ಜೀವಕ್ಕೆ ಬಂದರೆ 112.

ಮತ್ತೆ, ನದಿಯಾಚೆ ಕಾಲೇಜು ಇರುವವರು ಜೋರು ಮಳೆಯ ದಿನ ಹೊರಡುವ ಮುಂಚೆ ಖಡಕ್‌ವಾಸ್ಲಾದಿಂದ ಎಷ್ಟು ನೀರು ಬಿಟ್ಟಿದ್ದಾರೆ ನೋಡಿ. ಭಿಡೆ ಪೂಲ್ ಮುಳುಗಿದೆ ಅಂತ ಕೇಳಿದರೆ ಮನೆಯಲ್ಲೇ ಇರಿ. ಹೋದ ಪರೀಕ್ಷೆಯನ್ನು ಮತ್ತೆ ನಡೆಸುತ್ತಾರೆ. ನಮ್ಮದನ್ನು ಆಗಸ್ಟಿನಲ್ಲಿ ನಡೆಸಿದರು.