ಬ್ಯಾಂಕಾಕಿನ ಬಾಟಲಿ, ಮಾಟುಂಗಾದ ಚೀಲ

ಮನೆಗೆ ಥಾಯ್ ಸೊಸೆಯೋ ಅಳಿಯನೋ ಬಂದ ಹೊಸದರಲ್ಲಿ ಮುಂಬೈ, ಪುಣೆಯ ಕನ್ನಡದ ಮನೆಗಳು ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ. ಆಮದು ಸಾಮಾನಿನ ಅಂಗಡಿಗೆ ಹೋಗಿ, ಥಾಯ್ ಅಕ್ಷರ ಕಂಡದ್ದನ್ನೆಲ್ಲ ಬುಟ್ಟಿಗೆ ಹಾಕಿಕೊಂಡು ಬರುವುದು. ಬಿಲ್ಲು ನೋಡಿದಾಗ ಎದೆ ಧಸಕ್ಕೆನ್ನುತ್ತದೆ. ಆರು ತಿಂಗಳು ಕಳೆದರೆ ಅರ್ಧ ಡಬ್ಬಿಗಳು ಫ್ರಿಜ್ಜಿನ ಮೂಲೆಯಲ್ಲಿ ಬೂಷ್ಟು ಹಿಡಿದು ಕೂತಿರುತ್ತವೆ. ನಿಜಕ್ಕೂ ದುಡ್ಡು ಕೊಟ್ಟು ತರಲೇಬೇಕಾದವು ಮೂರೇ ಮೂರು: ಮೀನಿನ ಸಾಸು, ಸಿಗಡಿ ಪೇಸ್ಟು, ಅಂಟಕ್ಕಿ. ಮಿಕ್ಕದ್ದರಲ್ಲಿ ಬಹುಪಾಲು ಮುಂಬೈಯ ಮಾಟುಂಗಾದ ಸಂತೆಯಲ್ಲೋ ಕ್ರಾಫರ್ಡ್ ಮಾರ್ಕೆಟಿನಲ್ಲೋ ಬಾಲ್ಕನಿಯ ಕುಂಡದಲ್ಲೋ ಇದೆ. ಕೆಲವಂತೂ ಡಬ್ಬಿಯದಕ್ಕಿಂತ ಇಲ್ಲಿನದೇ ಚೆನ್ನ.

ಮೊದಲು ಮೀನಿನ ಸಾಸು, ಅಂದರೆ ನಾಮ್ ಪ್ಲಾ. ಇದಕ್ಕೆ ನಮ್ಮಲ್ಲಿ ಬದಲಿ ಇಲ್ಲ. ಸೋಯಾ ಸಾಸು ಹಾಕಿದರೆ ಚೈನೀಸ್ ಗಾಡಿಯ ರುಚಿ ಬರುತ್ತದೆ, ಬರೀ ಉಪ್ಪು ಹಾಕಿದರೆ ಸಪ್ಪೆ. ಸಣ್ಣ ಬೂತಾಯಿಯಂಥ ಆಂಕೋವಿ ಮೀನನ್ನು ಉಪ್ಪಿನಲ್ಲಿ ವರ್ಷದಷ್ಟು ಕಾಲ ಕೊಳೆಹಾಕಿ ಸೋಸಿದ ರಸ ಇದು. ಕೊಳ್ಳುವಾಗ ಬಾಟಲಿಯ ಹಿಂದಿನ ಪಟ್ಟಿ ಓದಿ: ಆಂಕೋವಿ, ಉಪ್ಪು, ಸ್ವಲ್ಪ ಸಕ್ಕರೆ, ಅಷ್ಟಿದ್ದರೆ ಸಾಕು. ಬಣ್ಣ, ಪ್ರೋಟೀನ್ ಸತ್ವ ಎಂದೆಲ್ಲ ಪಟ್ಟಿ ಬೆಳೆದಿದ್ದರೆ ವಾಪಸ್ ಇಟ್ಟುಬಿಡಿ. ಸ್ಕ್ವಿಡ್ ಬ್ರಾಂಡಿನ ಬಾಟಲಿ ಮೇಲೆ ಬೊಂಡಾಸದ ಚಿತ್ರ ಇದೆ, ಒಳಗೆ ಬೊಂಡಾಸ ಇಲ್ಲ, ಅದೂ ಆಂಕೋವಿಯೇ. ದಿನಬಳಕೆಗೆ ಅದು ಸರಿ. ತಿಪರೋಸ್ ಉಪ್ಪು ಮುಂದು, ಕುದಿಯುವ ಸಾರಿಗೆ ಅಡ್ಡಿಯಿಲ್ಲ. ಮೆಗಾಶೆಫ್ ಮೆದು, ಹಸಿಯಾಗಿ ಮೇಲಿಂದ ಹಾಕಿಕೊಳ್ಳಲು ಅದೇ ಮೇಲು.

ಬಿಸಿ ಕಾವಲಿಗೆ ನೇರವಾಗಿ ಸುರಿದರೆ ಸುಟ್ಟ ಮೀನಿನ ವಾಸನೆ ಮೂರನೇ ಮಹಡಿಯಿಂದ ಏಳನೆಯದಕ್ಕೆ ಹೋಗುತ್ತದೆ. ತೆಂಗಿನ ಹಾಲೋ ನೀರೋ ಬಿದ್ದ ಮೇಲೆ ಹಾಕಿ. ಬಾಟಲಿಯ ತಳದಲ್ಲಿ ಹರಳು ಕಂಡರೆ ಕೆಟ್ಟಿದೆ ಎಂದಲ್ಲ, ಉಪ್ಪು ಹರಳುಗಟ್ಟಿದೆ ಅಷ್ಟೆ. ಮುಚ್ಚಳ ಸಡಿಲ ಬಿಟ್ಟರೆ ಗಾಳಿ ತಾಗಿ ಕಪ್ಪಾಗುತ್ತದೆ. ಒಂದು ದೊಡ್ಡ ಚಮಚದಲ್ಲಿ ಸುಮಾರು 1,400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ ಮಿತಿಯೇ 2,000. ಮನೆಯಲ್ಲಿ ಬಿ.ಪಿ. ಇರುವ ಮಾವನವರೋ ಅಜ್ಜಿಯೋ ಇದ್ದರೆ ಪದಾರ್ಥಕ್ಕೆ ಕಡಿಮೆ ಹಾಕಿ, ಬೇಕಾದವರಿಗೆ ಪಕ್ಕದಲ್ಲಿ ಬಟ್ಟಲಿಡಿ: ಮೂರು ಚಮಚ ನಾಮ್ ಪ್ಲಾ, ಒಂದು ಚಮಚ ನಿಂಬೆರಸ, ಹೆಚ್ಚಿದ ಸೂಜಿಮೆಣಸು ನಾಲ್ಕೈದು, ಒಂದು ಎಸಳು ಬೆಳ್ಳುಳ್ಳಿ. ಥಾಯ್ ಊಟದಲ್ಲಿ ಹೇಗೂ ಇದು ಇರಲೇಬೇಕು, ನಮ್ಮ ಎಲೆಯ ತುದಿಗೆ ಉಪ್ಪಿನಕಾಯಿ ಇದ್ದಂತೆ. ಥಾಯ್ಲೆಂಡಿನಿಂದ ಬರುವವರ ಕೈಲಿ ತರಿಸುವುದಾದರೆ ಚೆಕ್-ಇನ್ ಬ್ಯಾಗಿನಲ್ಲೇ ಇಡಬೇಕು. ಕೈಚೀಲದಲ್ಲಿ 100 ಮಿ.ಲೀ. ಮೀರಿದ ದ್ರವವನ್ನು ಬಿಡುವುದಿಲ್ಲ, ಕರಿ ಪೇಸ್ಟನ್ನೂ, ಅಂದರೆ ಥಾಯ್ ಸಾರಿಗೆ ಅರೆದಿಟ್ಟ ಮಸಾಲೆಯನ್ನೂ, ಆ ಲೆಕ್ಕಕ್ಕೇ ಸೇರಿಸುತ್ತಾರೆ.

ತೆಂಗಿನ ಹಾಲಿನ ವಿಷಯದಲ್ಲಿ ಮಾತ್ರ ಡಬ್ಬಿಗೆ ಸೋಲು ಖಚಿತ. ಥಾಯ್ ಕರಿ ಶುರುವಾಗುವುದೇ ಗಟ್ಟಿ ಹಾಲನ್ನು ಎಣ್ಣೆ ಬಿಡುವ ತನಕ ಕಾಯಿಸಿ, ಆ ಎಣ್ಣೆಯಲ್ಲಿ ಮಸಾಲೆ ಹುರಿಯುವುದರಿಂದ. ಡಬ್ಬಿಯ ಹಾಲು ಒಡೆಯಬಾರದೆಂದೇ ಅದನ್ನು ಸಂಸ್ಕರಿಸಿರುತ್ತಾರೆ. ಎಣ್ಣೆ ನೀರು ಬೇರಾಗದಂತೆ ಹಿಡಿದಿಡುವ ಎಮಲ್ಸಿಫೈಯರ್ ಸೇರಿದ್ದರೆ ಅರ್ಧ ಗಂಟೆ ಕುದಿಸಿದರೂ ಎಣ್ಣೆ ಬಿಡುವುದಿಲ್ಲ, ಮಸಾಲೆ ಹುರಿಯುವ ಬದಲು ಬೇಯುತ್ತದೆ, ಹಸಿ ವಾಸನೆ ಉಳಿಯುತ್ತದೆ. ‘ಹೋಟೆಲಿನಂತೆ ಬರಲಿಲ್ಲ’ ಎಂದು ಪೇಸ್ಟನ್ನು ಬೈಯುವವರು ಬೈಯಬೇಕಾದ್ದು ಹಾಲನ್ನು. ಆರೊಯ್-ಡಿಯ ಕಾಗದದ ಪೆಟ್ಟಿಗೆಯಲ್ಲಿ ತೆಂಗಿನ ಸತ್ವ ಬಿಟ್ಟು ಬೇರೇನೂ ಇರುವುದಿಲ್ಲ, ಆಮದಿನಲ್ಲಿ ಅದು ಉತ್ತಮ. ಆದರೂ ಎರಡು ಚಮಚ ಎಣ್ಣೆಯ ಆಸರೆ ಬೇಕಾಗುತ್ತದೆ. ತೆಂಗಿನ ಹಾಲಿನ ಪುಡಿಯಂತೂ ಈ ಕೆಲಸಕ್ಕೆ ಬೇಡವೇ ಬೇಡ.

ಮಾಟುಂಗಾದಲ್ಲಿ ಬಲಿತ ಕಾಯಿ ನೋಡಿ ತನ್ನಿ, ಅಲ್ಲಾಡಿಸಿದರೆ ನೀರು ಸದ್ದು ಮಾಡಬೇಕು. ಒಂದು ಕಾಯಿಯ ತುರಿಗೆ ಮುಕ್ಕಾಲು ಲೋಟ ಬೆಚ್ಚನೆಯ ನೀರು ಹಾಕಿ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಬಟ್ಟೆಯಲ್ಲಿ ಹಿಂಡಿದರೆ ಮೊದಲ ಹಾಲು. ಅದೇ ಚರಟಕ್ಕೆ ಮತ್ತೆ ಒಂದೂವರೆ ಲೋಟ ನೀರು ಹಾಕಿ ಹಿಂಡಿದರೆ ಎರಡನೇ ಹಾಲು. ಥಾಯ್ ಭಾಷೆಯಲ್ಲಿ ಮೊದಲನೆಯದನ್ನು ಹಾಲಿನ ‘ತಲೆ’, ಎರಡನೆಯದನ್ನು ‘ಬಾಲ’ ಎನ್ನುತ್ತಾರೆ. ಗಸಿಯನ್ನೋ ಪಾಯಸವನ್ನೋ ಮಾಡಿದ ಮಂಗಳೂರು ಕಡೆಯ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂದು ವ್ಯತ್ಯಾಸ ನೆನಪಿರಲಿ: ನಾವು ಮೊದಲ ಹಾಲನ್ನು ಕೊನೆಗೆ ಹಾಕಿ ಒಡೆಯದಂತೆ ಇಳಿಸುತ್ತೇವೆ, ಅವರು ಮೊದಲ ಹಾಲನ್ನೇ ಮೊದಲು ಹಾಕಿ ಬೇಕೆಂದೇ ಒಡೆಯುತ್ತಾರೆ. ಅತ್ತೆ ಸೊಸೆ ಒಂದೇ ಒಲೆಯ ಮುಂದೆ ನಿಂತಾಗ ‘ಅಯ್ಯೋ, ಒಡೀತು’ ಎಂಬ ಗಾಬರಿ ಹುಟ್ಟುವುದು ಇಲ್ಲೇ. ಮುಂಬೈ ಸೆಕೆಯಲ್ಲಿ ಹಿಂಡಿದ ಹಾಲು ಮೂರು ಗಂಟೆ ಕೂಡ ತಡೆಯದು. ಬೇಕಾದಾಗಲೇ ಹಿಂಡಬೇಕು, ಇಲ್ಲವೇ ಫ್ರೀಜರಿಗೆ ಹಾಕಬೇಕು.

ಕರಿ ಪೇಸ್ಟು. ಮೇ ಪ್ಲಾಯ್‌ನ 400 ಗ್ರಾಂ ಮತ್ತು 1 ಕೆ.ಜಿ. ಡಬ್ಬಿಗಳು ಎದ್ದು ಕಾಣುತ್ತವೆ, ದರವೂ ಲಾಭವೆನ್ನಿಸುತ್ತದೆ. ಇಬ್ಬರು ಮೂವರ ಮನೆಗೆ 1 ಕೆ.ಜಿ. ತರುವುದು ದಡ್ಡತನ: ನಾಲ್ಕು ಜನರ ಒಂದು ಪಾತ್ರೆಗೆ 50 ಗ್ರಾಂ ಸಾಕು. ಈ ಪೇಸ್ಟು ಬಹಳ ಉಪ್ಪು, ಆದ್ದರಿಂದ ಕೊನೆಗೆ ರುಚಿ ನೋಡುವ ತನಕ ನಾಮ್ ಪ್ಲಾ ಬಾಟಲಿ ಮುಟ್ಟಬೇಡಿ. ಮೇ ಸ್ರಿಯ 114 ಗ್ರಾಂ ಪುಟ್ಟ ತಗಡಿನ ಡಬ್ಬಿ ಒಂದು ಹೊತ್ತಿನ ಅಡುಗೆಗೆ ಮುಗಿಯುತ್ತದೆ, ಹಾಳಾಗುವ ಮಾತಿಲ್ಲ. ತೂಕಕ್ಕೆ ಹೋಲಿಸಿದರೆ ದುಬಾರಿ ಅನ್ನಿಸಿದರೂ ನಗರದ ಮನೆಗೆ ಅದೇ ಜಾಣತನ.

ಕೆಂಪು ಪೇಸ್ಟನ್ನು ಮಾತ್ರ ಕನ್ನಡದ ಮನೆಯವರು ಕೊಳ್ಳುವ ಅಗತ್ಯವೇ ಇಲ್ಲ, ಬ್ಯಾಡಗಿ ಮೆಣಸು ಇರುವ ತನಕ. ಥಾಯ್ ಕೆಂಪು ಕರಿಗೆ ಬೇಕಾದ್ದೂ ಬಣ್ಣ ಹೆಚ್ಚು, ಖಾರ ಹದವಾಗಿರುವ ಉದ್ದ ಒಣಮೆಣಸೇ. ಬೀಜ ತೆಗೆದ ಎಂಟು ಬ್ಯಾಡಗಿ, ಖಾರಕ್ಕೆ ಎರಡು ಮೂರು ಗುಂಟೂರು. ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ. ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ ಹುರಿದು, ಅರ್ಧ ಚಮಚ ಬಿಳಿ ಮೆಣಸಿನಕಾಳಿನ ಜೊತೆ ಪುಡಿ ಮಾಡಿ. ಸಾಂಬಾರ್ ಈರುಳ್ಳಿ ಐದು, ಬೆಳ್ಳುಳ್ಳಿ ಆರು ಎಸಳು, ಮಜ್ಜಿಗೆ ಹುಲ್ಲಿನ (ಲೆಮನ್ ಗ್ರಾಸ್) ದಂಟು ಎರಡು, ಶುಂಠಿಯಂತೆ ಕಾಣುವ ಗಲಾಂಗಲ್ ಗಡ್ಡೆ ಒಂದಿಂಚು, ಕೊತ್ತಂಬರಿ ಬೇರು ನಾಲ್ಕು, ಸಿಗಡಿ ಪೇಸ್ಟು ಒಂದು ಚಮಚ. ಕುಟ್ಟಾಣಿಯಲ್ಲಾದರೆ ಮೊದಲು ಮೆಣಸು ಮತ್ತು ಕಲ್ಲುಪ್ಪು, ಆಮೇಲೆ ನಾರಿನವು, ಕೊನೆಗೆ ಈರುಳ್ಳಿ ಬೆಳ್ಳುಳ್ಳಿ. ನೀರಿನಂಶ ಮೊದಲೇ ಬಿದ್ದರೆ ನಾರು ಒನಕೆಗೆ ಸಿಗದೆ ಜಾರುತ್ತದೆ. ಮಿಕ್ಸಿಯಾದರೆ ನೀರಿನ ಬದಲು ಎರಡು ಚಮಚ ತೆಂಗಿನ ಹಾಲು ಹಾಕಿ ತಿರುಗಿಸಿ. ಹಸಿರು ಪೇಸ್ಟು ಮನೆಯಲ್ಲಿ ಬಣ್ಣ ಕಟ್ಟುವುದು ಕಷ್ಟ, ಅದು ಬೇಕೇ ಬೇಕೆಂದರೆ ಡಬ್ಬಿಯದೇ ತನ್ನಿ.

ಈಗ ಹಸಿ ಸೊಪ್ಪು ಗಡ್ಡೆ. ಸಾಮಾನನ್ನು ಥಟ್ಟನೆ ಮನೆಗೆ ತಲುಪಿಸುವ ಆ್ಯಪ್‌ಗಳೂ ಸೂಪರ್ ಮಾರ್ಕೆಟ್‌ಗಳೂ ‘ಥಾಯ್ ಹರ್ಬ್ಸ್’ ಎಂಬ ಒಂದು ತಟ್ಟೆ ಮಾರುತ್ತವೆ: ಮಜ್ಜಿಗೆ ಹುಲ್ಲು, ಗಲಾಂಗಲ್ ಚೂರು, ಮಕ್ರೂಟ್ ನಿಂಬೆ ಎಲೆ, ಮೆಣಸಿನಕಾಯಿ. ಅವಸರಕ್ಕೆ ಆದೀತು. ಪ್ಲಾಸ್ಟಿಕ್ಕಿನ ಒಳಗೆ ಹನಿ ಕಟ್ಟಿದ್ದರೆ ಎಲೆ ಕಪ್ಪಾಗಿರುತ್ತದೆ, ತಿರುಗಿಸಿ ಕೆಳಭಾಗ ನೋಡಿ. ಕ್ರಾಫರ್ಡ್ ಮಾರ್ಕೆಟಿನಲ್ಲಿ ಇವೇ ಬಿಡಿಬಿಡಿಯಾಗಿ, ಆರಿಸಿಕೊಳ್ಳುವಂತೆ ಸಿಗುತ್ತವೆ. ಅಲ್ಲಿಗೆ ಬೆಳಗ್ಗೆಯೇ ಹೋಗುವುದು ಲೇಸು.

ಮಜ್ಜಿಗೆ ಹುಲ್ಲಿಗೆ ಮರಾಠಿಯಲ್ಲಿ ಗವತಿ ಚಹಾ. ತರಕಾರಿಯವರು ಚಹಾಕ್ಕೆಂದು ಮಾರುವುದು ಬರೀ ಎಲೆ. ಥಾಯ್ ಅಡುಗೆಗೆ ಬೇಕಾದ್ದು ಬುಡದ ನಾಲ್ಕಿಂಚು ಬೆಳ್ಳನೆಯ ದಂಟು. ‘ಬುಡ ಸಮೇತ ಕೊಡಿ’ ಎಂದು ಕೇಳಿದರೆ ತಂದುಕೊಡುತ್ತಾರೆ. ಬೇರು ಇರುವ ಒಂದು ದಂಟನ್ನು ನೀರಿನಲ್ಲಿ ನಿಲ್ಲಿಸಿ ಬೇರೊಡೆದ ಮೇಲೆ ಕುಂಡಕ್ಕೆ ಊರಿದರೆ ಮತ್ತೆ ಕೊಳ್ಳುವ ಕೆಲಸವಿಲ್ಲ. ಗಲಾಂಗಲ್ ಬದಲು ಶುಂಠಿ ಹಾಕಬೇಡಿ, ನೋಡಲು ನೆಂಟರಂತಿದ್ದರೂ ರುಚಿ ಬೇರೆ. ಅದರದೇ ಒಣಗಿದ ಗಡ್ಡೆ ನಮ್ಮ ಗ್ರಂಥಿಗೆ ಅಂಗಡಿಯ ದುಂಪರಾಸ್ಮೆ. ನೆನೆಸಿ ಸಾರಿಗೆ ಹಾಕಿ ಕುದಿಸಲು ನಡೆಯುತ್ತದೆ, ಅರೆಯಲು ಆಗದು. ಕೊತ್ತಂಬರಿ ಬೇರಿನ ಮಟ್ಟಿಗೆ ಮುಂಬೈ ಭಾಗ್ಯವಂತ ಊರು: ಸೊಪ್ಪಿನ ಕಟ್ಟು (ಜೂಡಿ) ಮಣ್ಣು ಬೇರಿನ ಸಮೇತವೇ ಬರುತ್ತದೆ. ಎಸೆಯುವ ಆ ಬೇರನ್ನು ತೊಳೆದು ಫ್ರೀಜರಿನಲ್ಲಿ ಕೂಡಿಡಿ. ಮಕ್ರೂಟ್ ನಿಂಬೆಯ ಎಲೆಯೂ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಘಮ ಉಳಿಸಿಕೊಳ್ಳುತ್ತದೆ, ಒಣಗಿಸಿದ್ದು ಕಾಗದದಂತಾಗುತ್ತದೆ. ಗಿಡವನ್ನೇ ಥಾಯ್ಲೆಂಡಿನಿಂದ ತಂದುಬಿಡೋಣ ಎಂಬ ಆಸೆ ಬೇಡ. ಸಸ್ಯ ಕ್ವಾರಂಟೈನ್ ನಿಯಮದ ಪ್ರಕಾರ ಅನುಮತಿಯಿಲ್ಲದೆ ಗಿಡ, ಬೀಜ ತರುವಂತಿಲ್ಲ, ಏರ್‌ಪೋರ್ಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ. ಇಲ್ಲಿನ ನರ್ಸರಿಯಲ್ಲಿ ವಿಚಾರಿಸಿ.

ತುಳಸಿಯದು ಸೂಕ್ಷ್ಮ. ‘ಪಾಡ್ ಕ್ರಪಾವ್’ಗೆ ಹಾಕುವ ಕ್ರಪಾವ್ ಎಲೆ ಸಸ್ಯಶಾಸ್ತ್ರದ ಪ್ರಕಾರ ನಮ್ಮ ತುಳಸಿಯ ಜಾತಿಯೇ. ಆದರೆ ಕೊಚ್ಚಿದ ಕೋಳಿಯ ಜೊತೆ ಹುರಿಯಲು ಕಟ್ಟೆಯ ತುಳಸಿ ಕಿತ್ತರೆ ಆ ಮನೆಯಲ್ಲಿ ಅಂದಿನ ಊಟ ಸುಸೂತ್ರವಾಗಿ ಮುಗಿಯಲಿಕ್ಕಿಲ್ಲ. ಬೇರೆ ಕುಂಡದಲ್ಲಿ, ಬೇರೆ ಮೂಲೆಯಲ್ಲಿ, ಹಸಿರು ತುಳಸಿಯನ್ನು ಅಡುಗೆಗೆಂದೇ ಬೆಳೆಸಿ. ಕಪ್ಪು ಕೃಷ್ಣ ತುಳಸಿ ಲವಂಗದಂತೆ ಘಾಟು, ಅದನ್ನು ಹಾಕುವುದಾದರೆ ಅರ್ಧ ಅಳತೆ. ಹಸಿರು ಕರಿಗೆ ಹಾಕುವ ಇನ್ನೊಂದು ಎಲೆಗೆ ಕಾಮಕಸ್ತೂರಿ ಹತ್ತಿರ.

ಅಕ್ಕಿಯಲ್ಲಿ ಎರಡು ಬಗೆ, ತೀರ್ಪೂ ಎರಡು. ದಿನದ ಅನ್ನಕ್ಕೆ ಆಮದಿನ ಹೋಮ್ ಮಲಿ, ಅಂದರೆ ಥಾಯ್ ಜಾಸ್ಮಿನ್ ಅಕ್ಕಿ, ಅನವಶ್ಯಕ. ಮುಳಶಿ ಕಡೆಯ ಅಂಬೆಮೋಹರ್, ಮಾವಳದ ಇಂದ್ರಾಯಣಿ ಎರಡೂ ಘಮದ, ಮೆತ್ತಗೆ ಅಂಟಿಕೊಳ್ಳುವ ಅಕ್ಕಿಗಳು. ಕಾಳು ಗಿಡ್ಡ ಎಂಬುದೊಂದೇ ಕೊರತೆ. ಹಬ್ಬಕ್ಕೆಂದು ಹೋಮ್ ಮಲಿಯೇ ಬೇಕೆಂದರೆ ಥಾಯ್ ಸರ್ಕಾರದ ಹಸಿರು ಮುದ್ರೆ ನೋಡಿ ತನ್ನಿ, ಅದಿದ್ದರೆ ಕನಿಷ್ಠ 92% ಅದೇ ತಳಿ ಎಂದರ್ಥ. ನೀರು ಒಂದಕ್ಕೆ ಒಂದೂಕಾಲು ಮೀರಬಾರದು.

ಖಾವ್ ನಿಯಾವ್ ಎಂಬ ಅಂಟಕ್ಕಿಗೆ ಇವು ಯಾವುವೂ ಬದಲಿಯಲ್ಲ. ಈಸಾನ್, ಅಂದರೆ ಈಶಾನ್ಯ ಥಾಯ್ಲೆಂಡಿನವರಿಗೆ ಮುದ್ದೆಯಿಲ್ಲದ ಮಂಡ್ಯದವರ ಪಾಡು ಇದಿಲ್ಲದಿದ್ದರೆ. ಆಮದಿನದು ಸಿಗದಿದ್ದರೆ ಅಸ್ಸಾಮಿನ ಬೋರಾ ಸಾವುಲ್ ಹುಡುಕಿ, ಅದೂ ಅಂಟಕ್ಕಿಯೇ. ಕುಕ್ಕರಿಗೆ ಹಾಕಿದರೆ ಗೋಡೆಗೆ ಪೋಸ್ಟರ್ ಅಂಟಿಸುವ ಗಂಜಿಯಾಗುತ್ತದೆ. ಆರು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಇಡ್ಲಿ ಪಾತ್ರೆಯ ತೂತಿನ ತಟ್ಟೆ ಮೇಲೆ ಒದ್ದೆ ಬಟ್ಟೆ ಹಾಸಿ ಹರಡಿ. 15 ನಿಮಿಷ ಹಬೆ, ಬಟ್ಟೆ ಸಮೇತ ಮಗುಚಿ, ಮತ್ತೆ 10 ನಿಮಿಷ. ಅಕ್ಕಿಗೆ ನೀರು ತಾಗಕೂಡದು, ಹಬೆ ಮಾತ್ರ.

ತಾಳೆ ಸಕ್ಕರೆಯ ಡಬ್ಬಿಯೂ ಬೇಡ. ಕರಿಗೆ ಕರಾವಳಿಯ ಓಲೆಬೆಲ್ಲವಾಗಲಿ ಗೋವಾದ ತೆಂಗಿನ ಕಪ್ಪು ಬೆಲ್ಲವಾಗಲಿ ನಡೆಯುತ್ತದೆ, ಹೇಳಿದ ಅಳತೆಯ ಮುಕ್ಕಾಲು ಪಾಲು. ಹಸಿ ಪಪ್ಪಾಯಿಯ ಸಲಾಡ್ ಆದ ಸೋಮ್ ತಮ್‌ಗೆ ಮಾತ್ರ ಅದು ಕಪ್ಪಾಗಿ ಕಾಣುತ್ತದೆ, ತಿಳಿ ಬಣ್ಣದ ಕೊಲ್ಹಾಪುರ ಬೆಲ್ಲ ಹಾಕಿ. ಸೋಮ್ ತಮ್ ಕುಟ್ಟಲು ಕಲ್ಲಿನ ಕುಟ್ಟಾಣಿ ತಪ್ಪು. ಕಲ್ಲಿಗೆ ಕಲ್ಲು ಬಡಿದು ಪಪ್ಪಾಯಿ ನಜ್ಜುಗುಜ್ಜಾಗಿ ನೀರು ಬಿಡುತ್ತದೆ. ಅಲ್ಲಿ ಬಳಸುವುದು ಮಣ್ಣಿನ ಒರಳು, ಮರದ ಒನಕೆ.

ಸಸ್ಯಾಹಾರಿ ಮನೆಗಳಿಗೆ ಒಂದು ಗುರುತು: ಹಳದಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರ, ದೂರದಿಂದ ಇಂಗ್ಲಿಷಿನ 17ರಂತೆ ಕಾಣುತ್ತದೆ. ಓದುವುದು ‘ಜೇ’ ಎಂದು. ಅದಿದ್ದರೆ ಮಾಂಸ, ಮೀನು, ಮೊಟ್ಟೆ, ಹಾಲು ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮಡಿಯವರಿಗೂ ನಡೆಯುವಷ್ಟು ಕಟ್ಟುನಿಟ್ಟು. ಆಮದುದಾರರ ಚೀಟಿಯಲ್ಲಿ ಹಸಿರು ಚುಕ್ಕಿ ಇದೆಯೇ ಎಂದೂ ನೋಡಿ. ಕೆಂಪು ಪೇಸ್ಟಿನ ಚಿತ್ರದಲ್ಲಿ ಬರೀ ಮೆಣಸಿನಕಾಯಿ ಇದ್ದರೂ ಒಳಗೆ ಸಿಗಡಿ ಇರುವುದುಂಟು.

ಆ ಸಿಗಡಿ ಪೇಸ್ಟಿನ ಹೆಸರು ಥಾಯ್ ಭಾಷೆಯಲ್ಲಿ ‘ಕಪಿ’. ಹೆಸರಿಗೆ ತಕ್ಕ ಚೇಷ್ಟೆಯೂ ಇದೆ: ಮುಚ್ಚಳ ತೆಗೆದರೆ ಲಿಫ್ಟಿನ ತನಕ ಹಾರುತ್ತದೆ. ಇಲ್ಲಿನ ಒಣ ಜವಳಾ (ಪುಟ್ಟ ಸಿಗಡಿ) ಹುರಿದು ಪುಡಿ ಮಾಡಿ ಹಾಕುವವರಿದ್ದಾರೆ, ಅದಕ್ಕೆ ಹುಳಿತ ರುಚಿಯಿಲ್ಲ, ಅರ್ಧ ಕೆಲಸವಷ್ಟೇ ಆಗುತ್ತದೆ. ಚಿಕ್ಕ ಡಬ್ಬಿಯನ್ನೇ ಕೊಳ್ಳಿ, ಚಮಚ ಚಮಚವಾಗಿ ತೆಗೆಯುವ ಈ ಸಾಮಾನು ವರ್ಷಕ್ಕೂ ಬರುತ್ತದೆ. ಬಂದ ದಿನವೇ ಗಾಜಿನ ಸೀಸೆಗೆ ತುಂಬಿ, ಅದನ್ನು ಇನ್ನೊಂದು ಗಾಳಿಯಾಡದ ಡಬ್ಬಿಯೊಳಗಿಟ್ಟು ಫ್ರಿಜ್ಜಿಗೆ ಸೇರಿಸಿ, ಇಲ್ಲದಿದ್ದರೆ ಮರುದಿನದ ಮೊಸರಿಗೂ ಅದೇ ವಾಸನೆ. ಹುರಿಯುವ ರೂಢಿಯಿದ್ದರೆ ಬಾಳೆ ಎಲೆಯಲ್ಲೋ ಅಲ್ಯುಮಿನಿಯಂ ಹಾಳೆಯಲ್ಲೋ ಮಡಿಸಿ ಕಾವಲಿ ಮೇಲೆ ಎರಡೂ ಬದಿ ಎರಡೆರಡು ನಿಮಿಷ ಇಟ್ಟರೆ ಸಾಕು. ಸೊಸೈಟಿಯಲ್ಲಿ ಸಸ್ಯಾಹಾರಿ ನೆರೆಯವರಿದ್ದರೆ ಎಕ್ಸಾಸ್ಟ್ ಫ್ಯಾನು ಯಾರ ಕಿಟಕಿಯ ಕಡೆ ತೆರೆದಿದೆ ಎಂದು ಒಮ್ಮೆ ಇಣುಕಿ ನೋಡಿ ಒಲೆ ಹಚ್ಚಿ.